ಸ್ವಲ್ಪ ತಿಂದರೆ ಏನಾಗುತ್ತದೆ?



ಮನೆಗೆ ಬಂದ ಅತಿಥಿಯ ಮುಂದೆ ನೀವು ಪ್ರೀತಿಯಿಂದ ತಿಂಡಿಯ ತಟ್ಟೆ ಇಡುತ್ತೀರಿ. ಆಕೆ ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, "ನನಗೆ ಬೇಡ" ಎನ್ನುತ್ತಾಳೆ. ನಿಮಗೆ ಹೇಗನಿಸುತ್ತದೆ? ಮನಸ್ಸಿಗೆ ಚುಚ್ಚುತ್ತದೆ ಅಲ್ಲವೇ? ನಾವು ಅಷ್ಟಕ್ಕೇ ಬಿಡುವವರೂ ಅಲ್ಲ. "ಇಷ್ಟು ದೂರ ಬಂದು ಏನೂ ತಿನ್ನದೆ ಹೋಗುವುದುಂಟೇ? ಒಂದು ತುಂಡಾದರೂ ತೆಗೆದುಕೊಳ್ಳಿ. ಸ್ವಲ್ಪ ತಿಂದರೆ ಏನಾಗುತ್ತದೆ?" ಎಂದು ಒತ್ತಾಯಿಸುತ್ತೇವೆ. ನಮ್ಮ ಮನೆಗಳಲ್ಲಿ ಪ್ರೀತಿಗೆ ಇರುವ ಭಾಷೆಯೇ ಇದು. ನಾನೂ ಮದುವೆಯಾಗಿ ಬಂದಂದಿನಿಂದ ಈ ಮಾತನ್ನು ಸಾವಿರ ಸಲ ಆಡಿದ್ದೇನೆ. ಆದರೆ ಒಂದು ಸಲ ಆಡಿದ್ದಕ್ಕೆ ಇಂದಿಗೂ ಪಶ್ಚಾತ್ತಾಪ ಪಡುತ್ತಿದ್ದೇನೆ. ಈ ತಿಂಗಳು ಆ ವಿಷಯವನ್ನೇ ನಿಮ್ಮ ಮುಂದಿಡುತ್ತೇನೆ.

ನನ್ನ ತಂಗಿಯ ಮಗಳಿಗೆ ಆಗ ಎಂಟು ವರ್ಷ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಕೈಕಾಲು ಕಡ್ಡಿಯಂತೆ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ಬಾಯಲ್ಲಿ ಆಗಾಗ ಹುಣ್ಣು. ದಿನಕ್ಕೆ ಮೂರ್ನಾಲ್ಕು ಬಾರಿ ಭೇದಿ. ಯಾವಾಗಲೂ ಸುಸ್ತು, ಸಣ್ಣ ಮಾತಿಗೂ ಅಳು. ನೋಡಿದವರೆಲ್ಲ ಒಂದೊಂದು ಮಾತು ಹೇಳಿದರು. "ಹುಳದ ಔಷಧಿ ಕೊಡಿ" ಎಂದರು ಕೆಲವರು. "ದೃಷ್ಟಿ ತಾಗಿದೆ" ಎಂದರು ಇನ್ನು ಕೆಲವರು. "ತಾಯಿಗೆ ಮಗುವಿಗೆ ಊಟ ಮಾಡಿಸಲು ಪುರುಸೊತ್ತಿಲ್ಲ" ಎಂದೂ ಹೇಳಿದರು. ಈ ಕೊನೆಯ ಮಾತು ನನ್ನ ತಂಗಿಯನ್ನು ಎಷ್ಟು ನೋಯಿಸಿತೆಂದು ನಾನು ಬಲ್ಲೆ. ಅವಳು ಮಾಡದ ಪ್ರಯತ್ನವಿರಲಿಲ್ಲ. ಎರಡು ವರ್ಷ ಕಬ್ಬಿಣಾಂಶದ ಟಾನಿಕ್ ಕುಡಿಸಿದಳು. ಶಕ್ತಿ ಬರಲೆಂದು ಬೆಳಿಗ್ಗೆ, ಸಂಜೆ ಹಾಲಿಗೆ ಮಾಲ್ಟ್ ಪುಡಿ ಬೆರೆಸಿ ಕೊಟ್ಟಳು. ಗಲ್ಫ್‌ನಲ್ಲಿರುವ ಮಗುವಿನ ತಂದೆ ಪ್ರತಿಸಲವೂ ಪೆಟ್ಟಿಗೆ ತುಂಬ ಬಿಸ್ಕೆಟ್ ಕಳುಹಿಸುತ್ತಿದ್ದರು. ಊಟ ಸೇರದ ಮಗು ಬಿಸ್ಕೆಟ್ಟಾದರೂ ತಿನ್ನಲಿ ಎಂದು ಎಲ್ಲರ ಆಸೆ.

ಕೊನೆಗೆ ಒಬ್ಬ ಮಕ್ಕಳ ವೈದ್ಯರು ಒಂದು ಸರಳ ಕೆಲಸ ಹೇಳಿದರು. "ಒಂದು ವಾರ ಮಗು ಏನೇನು ತಿನ್ನುತ್ತದೋ ಎಲ್ಲವನ್ನೂ ಬರೆದು ತನ್ನಿ, ಒಂದು ರಸ್ಕನ್ನೂ ಬಿಡಬೇಡಿ" ಎಂದರು. ತಂಗಿ ಬರೆದುಕೊಂಡು ಹೋದಳು. ವೈದ್ಯರು ಕೆಂಪು ಪೆನ್ನಿನಿಂದ ಗೋಧಿಯಿರುವ ಪದಾರ್ಥಗಳಿಗೆ ಗುರುತು ಹಾಕುತ್ತಾ ಹೋದರು. ನಾವು ಕರಾವಳಿಯವರು, ಅಕ್ಕಿ ತಿನ್ನುವವರು. ಗೋಧಿ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಚಪಾತಿಯಾಗಿ ಮಾತ್ರ ಬರುತ್ತದೆ ಎಂದು ನಂಬಿದ್ದೆವು. ಆದರೆ ಆ ಹಾಳೆಯ ತುಂಬ ಕೆಂಪು ಗುರುತುಗಳು! ಬೆಳಗಿನ ರಸ್ಕ್, ಶಾಲೆಯ ಡಬ್ಬಿಯ ಬ್ರೆಡ್, ಸಂಜೆಯ ಬನ್, ಸಮೋಸ, ರಾತ್ರಿಯ ಪರೋಟ, ಮೀನಿಗೆ ಮೆತ್ತಿದ ರವೆ, ಹಾಲಿಗೆ ಹಾಕಿದ ಮಾಲ್ಟ್. ಯಾವುದನ್ನು ಔಷಧಿಯೆಂದು ತಿಳಿದು ಕೊಡುತ್ತಿದ್ದೆವೋ ಅದೇ ಮಗುವಿನ ಕರುಳನ್ನು ತಿನ್ನುತ್ತಿತ್ತು. ರಕ್ತ ಪರೀಕ್ಷೆಯಾಯಿತು, ಎಂಡೋಸ್ಕೋಪಿಯಾಯಿತು. ಕಾಯಿಲೆಯ ಹೆಸರು ಸೀಲಿಯಾಕ್ ಎಂದು ತಿಳಿಯಿತು.

ಏನಿದು ಸೀಲಿಯಾಕ್?

ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಬರುತ್ತದಲ್ಲ, ಆ ಜಿಗುಟಿಗೆ ಕಾರಣ ಇದೇ. ಬಹುಪಾಲು ಜನರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಹುಟ್ಟಿನಿಂದಲೇ ಒಂದು ಬಗೆಯ ವಂಶವಾಹಿ ಪಡೆದ ಕೆಲವರಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯು ಗ್ಲುಟೆನ್ನನ್ನು ಶತ್ರುವೆಂದು ತಪ್ಪು ತಿಳಿಯುತ್ತದೆ. ಶತ್ರುವಿನ ಮೇಲೆ ಹೂಡಿದ ಯುದ್ಧದಲ್ಲಿ ನಾಶವಾಗುವುದು ಸ್ವಂತ ಕರುಳು. ನಮ್ಮ ಸಣ್ಣ ಕರುಳಿನ ಒಳಗೋಡೆಯ ಮೇಲೆ, ಟರ್ಕಿ ಟವೆಲಿನ ಎಳೆಗಳಂತೆ, ಲಕ್ಷಾಂತರ ಪುಟ್ಟ ಬೆರಳುಗಳಿವೆ. ತಿಂದ ಆಹಾರದ ಸತ್ವವನ್ನು ಹೀರಿಕೊಳ್ಳುವುದು ಇವೇ. ಸೀಲಿಯಾಕ್ ಇರುವವರಲ್ಲಿ ಈ ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್‌ಗಳು ಒಳಗೆ ಹೋಗದೆ ಹೊರಗೆ ಹೋಗುತ್ತವೆ.

ಇದು ಅಂಟುರೋಗವಲ್ಲ. ಸಾಮಾನ್ಯ ಅಲರ್ಜಿಯೂ ಅಲ್ಲ. ಇದನ್ನು ಗುಣಪಡಿಸುವ ಮಾತ್ರೆಯಾಗಲಿ, ಚುಚ್ಚುಮದ್ದಾಗಲಿ ಇಲ್ಲ. ಇರುವುದು ಒಂದೇ ಚಿಕಿತ್ಸೆ: ಜೀವನಪರ್ಯಂತ ಗ್ಲುಟೆನ್ ಇಲ್ಲದ ಆಹಾರ. ಹಾಗೆ ಬಿಟ್ಟರೆ ಕರುಳು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಭೇದಿ ನಿಂತು, ಹಸಿವು ಹುಟ್ಟಬಹುದು. ಕರುಳು ಪೂರ್ತಿ ಮಾಯಲು ಮಾತ್ರ ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ.

ಊಟವೇ ಇದಕ್ಕೆ ಮದ್ದು ಎಂದು ಲಂಡನ್ನಿನ ವೈದ್ಯ ಸ್ಯಾಮ್ಯುವೆಲ್ ಗೀ 1888ರಲ್ಲೇ ಊಹಿಸಿದ್ದರು. ಆದರೆ ಯಾವ ಊಟ ಎಂಬುದು ಅವರಿಗೆ ಗೊತ್ತಾಗಲಿಲ್ಲ. ಅದನ್ನು ಕಂಡುಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಎರಡನೇ ಮಹಾಯುದ್ಧಕ್ಕೂ ಮೊದಲೇ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಭೀಕರ ಕ್ಷಾಮ ಬಂತು, ಬ್ರೆಡ್ ಸಿಗದಾಯಿತು. ದೇಶವೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳ ಸ್ಥಿತಿ ಮಾತ್ರ ಕೆಡಲಿಲ್ಲ, ಉತ್ತಮವೇ ಆಯಿತು. ಡಿಕೆಯವರ ಸಂಶಯ ಬಲವಾಯಿತು. 1950ರಲ್ಲಿ ತಮ್ಮ ಮಹಾಪ್ರಬಂಧದಲ್ಲಿ ಅವರು ಗೋಧಿಯೇ ಕಾರಣವೆಂದು ತೋರಿಸಿಕೊಟ್ಟರು.

ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆಯೆಂದು ಅಂದಾಜು. ನಮ್ಮ ದೇಶದಲ್ಲಿ ಗೋಧಿಯೇ ಮುಖ್ಯ ಆಹಾರವಾಗಿರುವ ಉತ್ತರದ ರಾಜ್ಯಗಳಲ್ಲಿ ಇದು ಹೆಚ್ಚು, ದಕ್ಷಿಣದಲ್ಲಿ ತೀರಾ ಕಡಿಮೆ ಎಂದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹೇಳಿತು. ಆದರೆ ಕಾಯಿಲೆಗೆ ದಾರಿ ಮಾಡುವ ವಂಶವಾಹಿ ದಕ್ಷಿಣದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಂಡುಬಂತು. ನಮ್ಮನ್ನು ಅಕ್ಕಿ ಕಾಪಾಡಿರಬಹುದು. ಆದರೆ ಈಗ ನಮ್ಮ ಮಕ್ಕಳ ತಟ್ಟೆಯಲ್ಲಿ ಏನಿದೆ? ಬೇಕರಿ ಇಲ್ಲದ ಬೀದಿ ಯಾವುದಿದೆ? ದಕ್ಷಿಣದಲ್ಲಿ ಅಪರೂಪವೆಂಬ ಕಾರಣಕ್ಕೆ ಯಾರಿಗೂ ಇದರ ನೆನಪಾಗುವುದಿಲ್ಲ. ನಮ್ಮ ಮಗುವಿನ ಎರಡು ವರ್ಷ ವ್ಯರ್ಥವಾದದ್ದೂ ಹೀಗೆಯೇ.

ಸ್ವಲ್ಪ ಎಂದರೆ ಎಷ್ಟು?

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಪಥ್ಯ ಆರಂಭಿಸಿ ನಾಲ್ಕು ತಿಂಗಳಾಗಿತ್ತು. ಮಗುವಿನ ಕೆನ್ನೆಗೆ ಬಣ್ಣ ಬಂದಿತ್ತು. ಎರಡು ಕಿಲೋ ತೂಕ ಏರಿತ್ತು. ಈದ್ ಬಂತು. ಎಲ್ಲರೂ ತಾಯಿಯ ಮನೆಯಲ್ಲಿ ಸೇರಿದೆವು. ನಾನು ದೊಡ್ಡ ಪಾತ್ರೆ ತುಂಬ ಶಾವಿಗೆ ಪಾಯಸ ಮಾಡಿದ್ದೆ. ಅಂಗಡಿಯ ಶಾವಿಗೆ ಎಂದರೆ ಗೋಧಿಯೇ. ಮಕ್ಕಳೆಲ್ಲ ಬಟ್ಟಲು ಹಿಡಿದು ಸುತ್ತ ಕುಳಿತಿದ್ದರು. ಅವಳೊಬ್ಬಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಅವಳಿಗಾಗಿ ಬೇರೆ ಏನಾದರೂ ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಯಿತು. ತಂಗಿ ಒಳಗಿದ್ದ ಹೊತ್ತು ನೋಡಿ, ಮಗುವನ್ನು ಹತ್ತಿರ ಕರೆದು, "ಹಬ್ಬ ಅಲ್ಲವೇ, ಸ್ವಲ್ಪ ತಿಂದರೆ ಏನಾಗುತ್ತದೆ?" ಎಂದು ಎರಡು ಚಮಚ ಬಾಯಿಗಿಟ್ಟೆ.

ಅಂದು ರಾತ್ರಿಯೇ ವಾಂತಿ ಆರಂಭವಾಯಿತು. ಮೂರು ದಿನ ಹೊಟ್ಟೆನೋವು, ಭೇದಿ. ತಂಗಿ ಗಾಬರಿಯಿಂದ "ಏನು ತಿಂದೆ? ಯಾರು ಕೊಟ್ಟರು?" ಎಂದು ಮತ್ತೆ ಮತ್ತೆ ಕೇಳಿದಳು. ಮಗು "ಏನೂ ತಿಂದಿಲ್ಲ" ಎಂದೇ ಹೇಳಿತು. ಮೂರನೇ ದಿನ ನನಗೆ ತಡೆಯಲಾಗದೆ ತಪ್ಪೊಪ್ಪಿಕೊಂಡೆ. ತಂಗಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಆಮೇಲೆ ನಾನು ಮಗುವಿನ ಪಕ್ಕದಲ್ಲಿ ಕುಳಿತು, "ಯಾಕಮ್ಮಾ ನನ್ನ ಹೆಸರು ಹೇಳಲಿಲ್ಲ?" ಎಂದು ಕೇಳಿದೆ. "ದೊಡ್ಡಮ್ಮನಿಗೆ ಬೈಯುತ್ತಾರೆ ಅಂತ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಪಾಯಸ ಬೇಕಿರಲಿಲ್ಲ ದೊಡ್ಡಮ್ಮಾ. ಎಲ್ಲರ ಕೈಯಲ್ಲೂ ಬಟ್ಟಲಿತ್ತು, ನನ್ನ ಕೈಯಲ್ಲಿ ಇರಲಿಲ್ಲ" ಎಂದಳು.

ಸಹೋದರಿ, ಈ ಒಂದು ಮಾತಿನಲ್ಲಿ ಈ ಕಾಯಿಲೆಯ ಎಲ್ಲ ಕಷ್ಟವೂ ಇದೆ. ಗೋಧಿ ಬಿಡುವುದು ಅಷ್ಟೇನೂ ಕಷ್ಟವಲ್ಲ, ಎಲ್ಲರ ನಡುವೆ ಬರಿಗೈಯಲ್ಲಿ ಕೂರುವುದು ಕಷ್ಟ.

ಹಾಗಾದರೆ ಸ್ವಲ್ಪ ಎಂದರೆ ಎಷ್ಟು? ಸೀಲಿಯಾಕ್ ಇರುವವರು ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್‌ನಂತೆ ಮೂರು ತಿಂಗಳು ಸೇವಿಸಿದರೂ ಕರುಳಿಗೆ ಹಾನಿಯಾಗುವುದು ಪ್ರಯೋಗಗಳಿಂದ ತಿಳಿದಿದೆ. ಒಂದು ಬ್ರೆಡ್ ತುಂಡಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಬ್ರೆಡ್ಡಿನ ಒಂದು ತುಂಡನ್ನು ನಲವತ್ತು ಪಾಲು ಮಾಡಿದರೆ ಅದರ ಒಂದು ಪಾಲು. ನಾವು ಮೇಜಿನಿಂದ ಒರೆಸಿ ಬಿಸಾಡುವ ಚೂರು ಅದು! ಇನ್ನೊಂದು ವಿಷಯವನ್ನೂ ನೆನಪಿಡಿ. ನಮ್ಮ ಮಗುವಿಗೆ ವಾಂತಿಯಾಗಿ ತಪ್ಪು ಬಯಲಾಯಿತು. ಎಷ್ಟೋ ಜನರಿಗೆ ಹೊರಗೆ ಏನೂ ಕಾಣಿಸುವುದಿಲ್ಲ. "ತಿಂದೆ, ಏನೂ ಆಗಲಿಲ್ಲ" ಎನ್ನುತ್ತಾರೆ. ಆದರೆ ಒಳಗೆ ಕರುಳು ಸವೆಯುತ್ತಲೇ ಇರುತ್ತದೆ. ಆದ್ದರಿಂದಲೇ ವೈದ್ಯರು ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಅಡುಗೆ ಮನೆಯಲ್ಲಿ ಅಡಗಿರುವ ಗೋಧಿ

ಮೊದಲು ಸಮಾಧಾನದ ಮಾತು ಹೇಳುತ್ತೇನೆ. ಈ ಕಾಯಿಲೆ ಇರುವವರಿಗೆ ನಮ್ಮ ನಾಡಿನಷ್ಟು ಅನುಕೂಲವಾದ ಅಡುಗೆ ಮನೆ ಬೇರೆಡೆ ಸಿಗುವುದು ಅಪರೂಪ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳ, ಸಾಬಕ್ಕಿ, ಎಲ್ಲ ಬೇಳೆಕಾಳುಗಳು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮೀನು, ಮಾಂಸ ಇವು ಯಾವುದರಲ್ಲೂ ಗ್ಲುಟೆನ್ ಇಲ್ಲ. ಕರಾವಳಿಯ ಪತ್ತಿರ್, ಪುಂಡಿ, ನೀರುದೋಸೆ, ಕೋರಿರೊಟ್ಟಿ, ಕಲಬುರಗಿ ಬೀದರ್ ಕಡೆಯ ಜೋಳದ ರೊಟ್ಟಿ, ಮೈಸೂರು ಕಡೆಯ ರಾಗಿ ಮುದ್ದೆ, ಎಲ್ಲ ಕಡೆಯ ಇಡ್ಲಿ, ದೋಸೆ, ಬಿರಿಯಾನಿ, ಇವು ನಮ್ಮ ಅಜ್ಜಿಯರು ಬಿಟ್ಟು ಹೋದ ಆಸ್ತಿ. 'ಗ್ಲುಟೆನ್ ರಹಿತ' ಎಂದು ಅಚ್ಚು ಹಾಕಿದ ದುಬಾರಿ ಬಿಸ್ಕೆಟ್ ಮತ್ತು ಹಿಟ್ಟಿನ ಪೊಟ್ಟಣಗಳ ಹಿಂದೆ ಓಡಬೇಕಾಗಿಲ್ಲ.

ಕಷ್ಟವಿರುವುದು ಅಡಗಿರುವ ಗೋಧಿಯಲ್ಲಿ. ಮೈದಾ, ರವೆ, ಗೋಧಿ ನುಚ್ಚು, ಅಂಗಡಿಯ ಶಾವಿಗೆ ಇವೆಲ್ಲ ಗೋಧಿಯೇ ಎಂದು ಗೊತ್ತಿದ್ದರೂ ಕೈ ತಪ್ಪುತ್ತದೆ. ಮಾರುಕಟ್ಟೆಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆತಿರುತ್ತದೆ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿಯಿದೆ. ಕಟ್ಲೆಟ್ಟಿಗೆ ಹೊರಳಿಸುವ ರಸ್ಕ್ ಪುಡಿ, ಮೀನಿಗೆ ಮೆತ್ತುವ ರವೆ, ಹೋಟೆಲಿನ ಕಬಾಬ್ ಮತ್ತು ಗೋಬಿ ಮಂಚೂರಿಗೆ ಹಾಕುವ ಮೈದಾ, ಐಸ್‌ಕ್ರೀಮಿನ ಕೋನ್ ಇವನ್ನೆಲ್ಲ ನೆನಪಿಡಬೇಕು. ರಮಝಾನಿನ ಹಲೀಮ್, ಹರೀಸ್‌ಗಳ ಮುಖ್ಯ ಪದಾರ್ಥವೇ ಗೋಧಿ ನುಚ್ಚು. ಬಾರ್ಲಿಯನ್ನಂತೂ ನಾವು ಔಷಧಿಯೆಂದೇ ನಂಬಿದ್ದೇವೆ. ಉರಿಮೂತ್ರಕ್ಕೆ ಬಾರ್ಲಿ ನೀರು, ಕಾಯಿಲೆಯವರಿಗೆ ಬಾರ್ಲಿಯ ತಲ್ಬೀನಾ ಕೊಡುತ್ತೇವೆ. ಇತರರಿಗೆ ಅದು ಒಳ್ಳೆಯ ಆಹಾರ. ಸೀಲಿಯಾಕ್ ಇರುವವರಿಗೆ ಅದು ಸಲ್ಲದು. ಓಟ್ಸ್‌ನಲ್ಲಿ ಗೋಧಿ ಬೆರಕೆಯಾಗುವುದು ಸಾಮಾನ್ಯ. ಆದ್ದರಿಂದ ವೈದ್ಯರನ್ನು ಕೇಳದೆ ಕೊಡಬಾರದು. ಪೊಟ್ಟಣದ ಆಹಾರವಾದರೆ ಪದಾರ್ಥಗಳ ಪಟ್ಟಿಯನ್ನು ಓದಲೇಬೇಕು. ನಮ್ಮ ದೇಶದ ಕಾನೂನಿನಂತೆ, ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಅದರಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರುವಂತಿಲ್ಲ.

ಇನ್ನೊಂದು ಅಪಾಯ ಬೆರಕೆಯದ್ದು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ, ಜೋಳ ಬೀಸಿದರೆ ಅದರಲ್ಲಿ ಗೋಧಿ ಹಿಟ್ಟು ಬಂದೇ ಬರುತ್ತದೆ. ತಂಗಿ ಈಗ ಅಕ್ಕಿ, ರಾಗಿಯನ್ನು ಮನೆಯಲ್ಲೇ ತೊಳೆದು ಒಣಗಿಸಿ ಮಿಕ್ಸಿಯಲ್ಲಿ ಪುಡಿ ಮಾಡುತ್ತಾಳೆ. ಚಪಾತಿಯ ಮಣೆ, ಲಟ್ಟಣಿಗೆ, ಜರಡಿ, ಮರದ ಸೌಟು ಇವು ಎಷ್ಟು ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ. ಅವನ್ನು ಬೇರೆಯೇ ಇಡಬೇಕು. ಸಮೋಸ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯಬಾರದು. ಪರೋಟ ಬೇಯಿಸಿದ ಕಾವಲಿಯನ್ನು ಚೆನ್ನಾಗಿ ಉಜ್ಜಿ ತೊಳೆಯದೆ ಅದರಲ್ಲಿ ದೋಸೆ ಹೊಯ್ಯಬಾರದು. ಜಾಮ್ ಬಾಟಲಿಗೆ ಬ್ರೆಡ್ ಹಚ್ಚಿದ ಚಮಚ ಮತ್ತೆ ಹಾಕಬಾರದು. ತಂಗಿಯ ಮನೆಯಲ್ಲಿ ಹಸಿರು ಬಣ್ಣದ ಮುಚ್ಚಳದ ಡಬ್ಬಿಗಳೆಲ್ಲ ಮಗಳವು. ಅವು ಕಪಾಟಿನ ಮೇಲಿನ ಸಾಲಿನಲ್ಲಿರುತ್ತವೆ, ಏಕೆಂದರೆ ಹಿಟ್ಟು ಉದುರುವುದು ಕೆಳಕ್ಕೇ.

ಇಷ್ಟೆಲ್ಲ ಬೇಡವೆಂದು ತಂಗಿ ಈಗ ಇನ್ನೂ ಸುಲಭ ದಾರಿ ಹಿಡಿದಿದ್ದಾಳೆ. ರಾತ್ರಿಯ ಊಟ ಮನೆಮಂದಿಗೆಲ್ಲ ಒಂದೇ, ಗೋಧಿಯಿಲ್ಲದ್ದು. ಅನ್ನ, ಪತ್ತಿರ್, ದೋಸೆ ತಿನ್ನಲು ಯಾರಿಗೂ ಬೇಸರವಿಲ್ಲ. ಮಗುವಿಗೆ 'ಬೇರೆ ಅಡುಗೆ' ಎಂಬುದೇ ಅಲ್ಲಿ ಇಲ್ಲ.

ತಾಯಿಯ ಸರದಿ

ಈ ಕಾಯಿಲೆ ಇರುವವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರವರೆಗೆ ಅದೇ ಕಾಯಿಲೆ ಇರುವ ಸಾಧ್ಯತೆಯಿದೆ. ಆದ್ದರಿಂದ ಮನೆಯ ಎಲ್ಲರ ರಕ್ತ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ತಂಗಿ ಮಗನಿಗೆ ಮಾಡಿಸಿದಳು. ಪತಿ ರಜೆಯಲ್ಲಿ ಬಂದಾಗ ಅವರಿಗೂ ಮಾಡಿಸಿದಳು. ತನ್ನದನ್ನು ಮಾತ್ರ ಮುಂದೂಡುತ್ತಲೇ ಬಂದಳು. "ನನಗೇನಾಗಿದೆ? ನಾನು ಚೆನ್ನಾಗಿಯೇ ಇದ್ದೇನೆ" ಎನ್ನುತ್ತಿದ್ದಳು. ಮದುವೆಯಾದಂದಿನಿಂದ ರಕ್ತಹೀನತೆಗೆ ಮಾತ್ರೆ ನುಂಗುತ್ತಿದ್ದವಳು, ಎರಡು ಗರ್ಭ ಕಳೆದುಕೊಂಡವಳು, ಮಧ್ಯಾಹ್ನದ ಕೆಲಸ ಮುಗಿಯುವಷ್ಟರಲ್ಲಿ ಗೋಡೆ ಹಿಡಿದು ಕೂರುತ್ತಿದ್ದವಳು ಹೇಳುವ ಮಾತು ಇದು! ಒಂದು ವರ್ಷದ ನಂತರ ನಾನೇ ಕರೆದುಕೊಂಡು ಹೋದೆ. ಅವಳಿಗೂ ಸೀಲಿಯಾಕ್ ಇತ್ತು.

ನಮ್ಮಲ್ಲಿ ಎಷ್ಟು ಹೆಂಗಸರು ಹೀಗೆ "ಚೆನ್ನಾಗಿಯೇ" ಇದ್ದೇವೆ? ಎಲ್ಲ ರಕ್ತಹೀನತೆಗೂ ಸೀಲಿಯಾಕ್ ಕಾರಣವಲ್ಲ. ನಮ್ಮ ಹೆಂಗಸರಲ್ಲಿ ಅದಕ್ಕೆ ಬೇರೆ ಕಾರಣಗಳೇ ಹೆಚ್ಚು. ಆದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ, ಪದೇ ಪದೇ ಗರ್ಭಪಾತವಾಗುತ್ತಿದ್ದರೆ, ಎಳೆಯ ವಯಸ್ಸಿನಲ್ಲೇ ಮೂಳೆ ಸವೆದಿದ್ದರೆ, ಮಗು ಬೆಳೆಯದಿದ್ದರೆ, ಹೆಣ್ಣು ಮಗು ದೊಡ್ಡವಳಾಗುವುದು ತೀರಾ ತಡವಾದರೆ, ವೈದ್ಯರಲ್ಲಿ ಒಂದು ಮಾತು ಕೇಳಿ ನೋಡಿ: "ಇದು ಸೀಲಿಯಾಕ್ ಇರಬಹುದೇ?" ಟಿಟಿಜಿ ಎಂಬ ರಕ್ತ ಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಖಚಿತಪಡಿಸಲು ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಚೂರೊಂದನ್ನು ಪರೀಕ್ಷಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಕರುಳು ಮಾಯಲಾರಂಭಿಸಿ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಯಾರೋ ಹೇಳಿದರೆಂದು ಕಾಯಿಲೆಯಿಲ್ಲದವರು ಗೋಧಿ ಬಿಡುವ ಅಗತ್ಯವೂ ಇಲ್ಲ. ಗೋಧಿ ಕೆಟ್ಟ ಧಾನ್ಯವಲ್ಲ. ಕೆಲವರ ದೇಹಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಕಾಯಿಲೆ ಖಚಿತವಾದವರು ಪಥ್ಯದ ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮುಂತಾದವು ಬೇಕೇ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ಆರಂಭದಲ್ಲಿ ಕೆಲವರಿಗೆ ಹಾಲೂ ಜೀರ್ಣವಾಗುವುದಿಲ್ಲ. ಕರುಳು ಚೇತರಿಸಿದ ಮೇಲೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ.

ಔತಣ, ಉಪವಾಸ, ಮದುವೆ

ರಮಝಾನಿನಲ್ಲಿ ಏನು ಮಾಡುವುದೆಂದು ಕೆಲವರು ಕೇಳುತ್ತಾರೆ. ಖರ್ಜೂರ, ನೀರು, ಹಣ್ಣು, ಅಕ್ಕಿ ಗಂಜಿ ಇವುಗಳಿಗೆ ಅಡ್ಡಿಯೇನೂ ಇಲ್ಲ. ಗಂಜಿಗೆ ಗೋಧಿ ನುಚ್ಚು ಹಾಕಿಲ್ಲವೆಂದು ಮಾತ್ರ ಕೇಳಿ ತಿಳಿದುಕೊಳ್ಳಬೇಕು. ಸಹ್ರಿಗೆ ಅನ್ನ, ಮೊಟ್ಟೆ, ಬೇಳೆ ಇದ್ದರೆ ಹಗಲಿಗೆ ಆಧಾರವಾಗುತ್ತದೆ. ಕಾಯಿಲೆ ಈಗಷ್ಟೇ ಪತ್ತೆಯಾಗಿ ದೇಹ ಸೊರಗಿದ್ದರೆ ವೈದ್ಯರ ಮಾತು ಕೇಳಬೇಕು. ಕಾಯಿಲೆಯವರಿಗೆ ಧರ್ಮದಲ್ಲೇ ರಿಯಾಯಿತಿ ಇರುವಾಗ ನಾವು ಹಠ ಹಿಡಿಯುವುದೇಕೆ?

ಔತಣಕ್ಕೆ ಹೋಗುವಾಗ ತಂಗಿ ಹಿಂದಿನ ದಿನವೇ ಮನೆಯೊಡತಿಗೆ ಫೋನ್ ಮಾಡುತ್ತಾಳೆ. "ನಮಗಾಗಿ ಬೇರೆ ಅಡುಗೆ ಬೇಡ. ಒಂದು ಪಾತ್ರೆಯಲ್ಲಿ ಬರೀ ಅನ್ನ ಮತ್ತು ಮೊದಲೇ ತೆಗೆದಿಟ್ಟ ಸಾರು ಇದ್ದರೆ ಸಾಕು" ಎನ್ನುತ್ತಾಳೆ. ಕೆಲವೊಮ್ಮೆ ತಮ್ಮ ಡಬ್ಬಿಯನ್ನೇ ಕೊಂಡೊಯ್ಯುತ್ತಾರೆ. ಮೊದಮೊದಲು ಇದನ್ನು ಕೆಲವರು ಅವಮಾನವೆಂದೇ ತಿಳಿದರು. ಊಟ ಬೇಡವೆಂದರೆ ಅದು ಊಟವನ್ನು ದೂರಿದಂತೆ ಅಲ್ಲ. ಪ್ರವಾದಿ(ಸ) ಯಾವ ಆಹಾರವನ್ನೂ ದೂರುತ್ತಿರಲಿಲ್ಲ, ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು ಎಂದು ನಾವು ಓದಿದ್ದೇವೆ. ಬಿಡುವ ಹಕ್ಕು ಅತಿಥಿಗೆ ಇದೆ ಎಂಬುದನ್ನು ಆತಿಥ್ಯದ ಉತ್ಸಾಹದಲ್ಲಿ ನಾವು ಮರೆಯುತ್ತೇವೆ.

ಹೆಣ್ಣು ಮಕ್ಕಳ ತಾಯಂದಿರಿಗೆ ಇನ್ನೊಂದು ಚಿಂತೆ. "ಹೊರಗೆ ಹೇಳಬೇಡಿ, ನಾಳೆ ಮದುವೆಯಾಗಬೇಕಾದವಳು" ಎಂದು ನಮ್ಮ ಹಿರಿಯರೂ ಹೇಳಿದ್ದರು. ಸ್ವಲ್ಪ ಯೋಚಿಸಿ. ಮುಚ್ಚಿಟ್ಟು ಮದುವೆ ಮಾಡಿದರೆ ಆ ಹುಡುಗಿ ಅತ್ತೆಯ ಮನೆಯಲ್ಲಿ ಏನು ತಿನ್ನಬೇಕು? ಹೊಸ ಮದುಮಗಳ ಮುಂದೆ ಪ್ರತಿಯೊಬ್ಬರೂ ತಟ್ಟೆ ತಂದಿಡುವ ದಿನಗಳವು. ಬೇಡವೆಂದರೆ ಅಹಂಕಾರ, ತಿಂದರೆ ಕಾಯಿಲೆ. ಪಥ್ಯದಲ್ಲಿರುವ ಹುಡುಗಿ ಬೇರೆಯವರಂತೆ ಓದಬಲ್ಲಳು, ದುಡಿಯಬಲ್ಲಳು, ತಾಯಿಯಾಗಬಲ್ಲಳು. ಮುಚ್ಚಿಟ್ಟು ತಿಂದರೆ ಮಾತ್ರ ಅವೆಲ್ಲಕ್ಕೂ ಅಪಾಯ. ಮೊದಲೇ ಹೇಳಿದರೆ ದೂರ ಸರಿಯುವ ಮನೆಯವರು ಸರಿಯಲಿ, ಅಂಥ ಮನೆ ಅವಳಿಗೆ ಬೇಡ. ಮಗನಿಗೆ ಹೆಣ್ಣು ನೋಡುತ್ತಿರುವ ತಾಯಂದಿರೇ, ನಿಮ್ಮಲ್ಲೂ ಒಂದು ಮಾತು. ಧೈರ್ಯದಿಂದ ನಿಜ ಹೇಳಿದ ಹುಡುಗಿಯನ್ನು ಅಕ್ಕಿ ರೊಟ್ಟಿಯ ಕಾರಣಕ್ಕೆ ಬಿಟ್ಟುಬಿಡಬೇಡಿ.

ಆ ಮಗುವಿಗೆ ಈಗ ಹದಿನಾಲ್ಕು ವರ್ಷ. ತಾಯಿಯ ಭುಜ ಮೀರಿ ಬೆಳೆದಿದ್ದಾಳೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ನಮಗಿಂತ ಮೊದಲು ಓದಿ ಹೇಳುತ್ತಾಳೆ. ತಾಯಿಗೂ ಈಗ ಮಾತ್ರೆ ನುಂಗುವ ಪ್ರಮೇಯವಿಲ್ಲ. ಕೆಲವೊಮ್ಮೆ ಗೆಳತಿಯರೊಂದಿಗೆ ಬೇಕರಿಯ ಮುಂದೆ ನಿಂತಾಗ ಅವಳ ಮುಖ ಸಣ್ಣದಾಗುತ್ತದೆ. ಅದನ್ನು ನಾನು ಸುಳ್ಳು ಹೇಳಿ ಮುಚ್ಚಲಾರೆ.

ಆ ಘಟನೆಯ ನಂತರದ ಈದ್‌ನಿಂದ ನಮ್ಮ ತಾಯಿಯ ಮನೆಯಲ್ಲಿ ಒಂದು ಬದಲಾವಣೆಯಾಗಿದೆ. ಹಿಂದಿನ ರಾತ್ರಿ ನಾವು ಅಕ್ಕ ತಂಗಿಯರು ಕುಳಿತು ಅಕ್ಕಿಯ ಸೇಮಿಗೆ ಒತ್ತುತ್ತೇವೆ. ಬೆಳಿಗ್ಗೆ ಅದಕ್ಕೆ ತೆಂಗಿನ ಹಾಲು, ಬೆಲ್ಲ, ಏಲಕ್ಕಿ, ಗೋಡಂಬಿ, ಖರ್ಜೂರ ಹಾಕಿ ಪಾಯಸ ಮಾಡುತ್ತೇವೆ. ಒಂದೇ ಪಾತ್ರೆ, ಎಲ್ಲರಿಗೂ ಅದೇ. ಮೊದಲ ಬಟ್ಟಲು ಅವಳ ಕೈಗೆ ಹೋಗುತ್ತದೆ, ಅವಳೇ ಉಳಿದವರಿಗೆ ಹಂಚುತ್ತಾಳೆ.

ಸಹೋದರಿ, ನಿಮ್ಮ ಬಂಧುಬಳಗದಲ್ಲಿಯೂ ಇಂಥ ಒಂದು ಮಗುವೋ, ಸೊಸೆಯೋ ಇರಬಹುದು. ಮುಂದಿನ ಸಲ ಅವರು ತಟ್ಟೆ ಪಕ್ಕಕ್ಕೆ ಸರಿಸಿದರೆ "ಸ್ವಲ್ಪ ತಿಂದರೆ ಏನಾಗುತ್ತದೆ?" ಎಂದು ಕೇಳಬೇಡಿ. "ನಿನಗೆ ಏನು ಮಾಡಿಕೊಡಲಿ?" ಎಂದು ಕೇಳಿ. ಅಲ್ಲಾಹನು ನಮ್ಮೆಲ್ಲರ ಮನೆಮಂದಿಗೆ ಆರೋಗ್ಯವನ್ನು ಕರುಣಿಸಲಿ.